ಅಜ್ಜಿಯ ಪಿಂಚಣಿ ಅಕ್ಕಿ ಡಬ್ಬಿಯಲ್ಲಿತ್ತು

ಗಾಂಧಿ ಬಜಾರಿನಲ್ಲಿ ಹೂವು ಕಟ್ಟಿ ಮಾರುವ ಎಪ್ಪತ್ತೆರಡರ ಅಜ್ಜಿಯ ಪ್ರಕರಣ ನನ್ನ ಕೈಗೆ ಬಂದಾಗ, ತಿಂಗಳಿಗೆ 1,200 ರೂಪಾಯಿಯ ಸಂಧ್ಯಾ ಸುರಕ್ಷಾ ಪಿಂಚಣಿ ಐದು ತಿಂಗಳಿಂದ ಅವರ ಕೈ ಸೇರಿರಲಿಲ್ಲ. ಬಾಳೆನಾರು ಎಳೆದೆಳೆದು ಬೆರಳಿನ ಗೆರೆ ಸವೆದಿದೆ, ಯಂತ್ರ ಬೆರಳಚ್ಚು ಗುರುತಿಸುತ್ತಿಲ್ಲ, ಅದಕ್ಕೇ ನಿಂತಿದೆ ಎಂದು ಎಲ್ಲರೂ ತೀರ್ಪು ಕೊಟ್ಟಿದ್ದರು. ನಾನೂ ನಂಬಿ, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಸುತ್ತಾ ಎರಡು ವಾರ ಹಾಳು ಮಾಡಿದೆ.

ನಾಡಕಚೇರಿಯಲ್ಲಿ ವಿಚಾರಿಸಿದರೆ, ಹಣ ಪ್ರತಿ ತಿಂಗಳೂ ಪಾವತಿಯಾಗಿದೆ! ಆಧಾರ್ ಆಧಾರಿತ ನೇರ ನಗದು ವರ್ಗಾವಣೆಯ ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ನಮ್ಮ ಕೈಯಲ್ಲಿರುವ ಹಳೆಯ ಪಾಸ್‌ಬುಕ್‌ಗೆ ಅಲ್ಲ. ಜೋಡಣೆಯ ಸ್ಥಿತಿಯನ್ನು ಆಧಾರ್ ಜಾಲತಾಣದಲ್ಲೇ ನೋಡಬಹುದು. ಆದರೆ ಒಟಿಪಿ ಮೊಮ್ಮಗನ ಮೊಬೈಲಿಗೆ ಹೋಗುತ್ತಿತ್ತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅವನು ಏಳುವವರೆಗೆ ಕಾದೆವು. ಪರದೆಯ ಮೇಲೆ ಬಂದದ್ದು ಬೇರೆಯೇ ಬ್ಯಾಂಕು.

“ಅಯ್ಯೋ, ಸಾಲ ಕೊಡುವವರು ಒಂದು ಪುಸ್ತಕ ಮಾಡಿಸಿದ್ದರಲ್ಲ ತಾಯಿ,” ಎನ್ನುತ್ತಾ ಅಜ್ಜಿ ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಇಳಿಸಿದರು. ಪ್ಲಾಸ್ಟಿಕ್ ಸುತ್ತಿದ ಪಾಸ್‌ಬುಕ್, ಒಂದು ನಮೂದೂ ಇಲ್ಲ. ಶಾಖೆಯಲ್ಲಿ ಮುದ್ರಿಸಿದಾಗ 6,000 ರೂಪಾಯಿ, ಮೇಲೆ ಚಿಲ್ಲರೆ ಬಡ್ಡಿ.

ಬೆರಳಚ್ಚು ಯಂತ್ರ ಅಲ್ಲಿಯೂ ಮುನಿಸಿಕೊಂಡಿತು. ಹಣ ಪಡೆಯುವ ಚೀಟಿಗೆ ಶಾಯಿಯ ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿ ಸಹಿ ಹಾಕಿಸಿದೆವು. ಹಳೆಯ ಬ್ಯಾಂಕಿಗೆ ಆಧಾರ್ ಮರುಜೋಡಣೆಯ ಒಪ್ಪಿಗೆ ಪತ್ರ ಕೊಟ್ಟು ಬಂದೆವು.

ಈಗ ಪಿಂಚಣಿ ನಿಂತಿದೆ ಎಂದವರನ್ನು ನಾನು ಮೊದಲು ಕೇಳುವುದು, ಇತ್ತೀಚೆಗೆ ಯಾರಾದರೂ ಹೊಸ ಪಾಸ್‌ಬುಕ್ ಮಾಡಿಸಿಕೊಟ್ಟರೇ ಎಂದು.