ಗ್ರೂಪಿಗೆ ಬಂದ ಎಪಿಕೆ ಫೈಲ್: ನನ್ನ ಅನುಭವ

ಚನ್ನಗಿರಿ ಕಡೆಯ ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪಲ್ಲಿ ಎಲೆಚುಕ್ಕಿ ರೋಗ, ಹನಿ ನೀರಾವರಿ, ಧಾರಣೆ ಇಷ್ಟೇ ಮಾತು. ಅದರ ಮಧ್ಯೆ ‘ಪಿಎಂ ಕಿಸಾನ್ ಕೆವೈಸಿ, ಇವತ್ತೇ ಕೊನೆ ದಿನ’ ಅಂತ ಒಂದು ಎಪಿಕೆ ಫೈಲ್, ಅಂದ್ರೆ ಮೊಬೈಲಿಗೆ ಆ್ಯಪ್ ಹಾಕೋ ಫೈಲ್, ಬಂದು ಬಿತ್ತು. ಕಳಿಸಿದ್ದು ಯಾರಿಗೂ ಗೊತ್ತಿಲ್ಲದ ನಂಬರ್, ಡಿಪಿಯಲ್ಲಿ ಮಾತ್ರ ಸರ್ಕಾರಿ ಲಾಂಛನ! ಇಂಥ ಫೈಲ್ ಇನ್‌ಸ್ಟಾಲ್ ಮಾಡಿದರೆ ಮೊಬೈಲಿಗೆ ಬರೋ ಓಟಿಪಿ ಕಳ್ಳರ ಕೈಗೆ ಹೋಗುತ್ತೆ.

ಅಡ್ಮಿನ್ ನಾನೇ. ಡಿಲೀಟ್ ಮಾಡೋ ಮೊದಲು ನಂಬರ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೆದೆ. ಆಮೇಲೆ ಮೆಸೇಜ್ ಒತ್ತಿ ಹಿಡಿದು ರಿಪೋರ್ಟ್ ಕೊಟ್ಟೆ. ರಿಪೋರ್ಟ್ ಮಾಡಿದವರು ಯಾರು ಅಂತ ಕಳಿಸಿದವನಿಗೆ ತಿಳಿಯಲ್ಲ, ಹೆದರೋದೇನೂ ಬೇಡ. ನಂತರ ಎಲ್ಲರಿಗೂ ಅಳಿಸಿ, ಅವನನ್ನು ಹೊರಗೆ ಹಾಕಿದೆ. ಅದೇ ಸ್ಕ್ರೀನ್‌ಶಾಟನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಲ್ಲಿ, ಅನುಮಾನದ ಮೆಸೇಜ್ ಬಗ್ಗೆ ದೂರು ಕೊಡೋ ‘ಚಕ್ಷು’ವಿಗೂ ಹಾಕಿದೆ. ಯಾರದಾದರೂ ದುಡ್ಡು ಹೋಗಿದ್ದರೆ ಅದು ಬೇರೆ ದಾರಿ, ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಇಷ್ಟಾದರೂ ಬಾಗಿಲು ತೆರೆದೇ ಇತ್ತು. ಗ್ರೂಪ್ ಲಿಂಕ್ ಎಲ್ಲೆಲ್ಲೋ ಹರಿದಾಡ್ತಿತ್ತು. ಅದನ್ನು ರೀಸೆಟ್ ಮಾಡಿ, ಹೊಸಬರು ಸೇರೋಕೆ ಅಡ್ಮಿನ್ ಒಪ್ಪಿಗೆ ಬೇಕು ಅನ್ನೋ ಸೆಟ್ಟಿಂಗ್ ಆನ್ ಮಾಡಿದೆ. ಈಗ ಊರು, ತೋಟ ಯಾವುದು ಅಂತ ಕೇಳಿಯೇ ಒಳಗೆ ಬಿಡೋದು. ಕೆಲವರಿಗೆ ಸಿಟ್ಟು ಬರುತ್ತೆ, ಬರಲಿ.