ಲೆ ಮಾನ್‌ಗೆ ಹೊರಟಿದ್ದೀರಾ? ಕ್ಲಬ್ ಸದಸ್ಯತ್ವದ ಲೆಕ್ಕ

ಕಾಸರಗೋಡು, ಕುಂಬಳೆ ಕಡೆಯಿಂದ ಫ್ರಾನ್ಸಿನ ಲೆ ಮಾನ್ 24 ಗಂಟೆ ಕಾರ್ ರೇಸಿಗೆ ಹೊರಡುವವರು ಆಯೋಜಕ ಕ್ಲಬ್ ಎಸಿಒದ ಸದಸ್ಯತ್ವವನ್ನು ರಿಯಾಯಿತಿಗಾಗಿ ಮಾತ್ರ ಕೊಳ್ಳಬೇಡಿ. ಒಬ್ಬರೇ ಹೋಗುವುದಾದರೆ ಉಳಿತಾಯ ಶುಲ್ಕಕ್ಕೇ ಸರಿಹೋದೀತು. ನಿಜವಾದ ಲಾಭ ಸದಸ್ಯರಿಗೆ ಸಿಗುವ ಮುಂಗಡ ಬುಕಿಂಗ್. 2023ರ ಶತಮಾನೋತ್ಸವದ ಟಿಕೆಟುಗಳೆಲ್ಲ ಖಾಲಿಯಾಗಿದ್ದವು. ಗ್ಯಾಲರಿ ಸೀಟು, ಕ್ಯಾಂಪಿಂಗ್ ಜಾಗ ಬೇಕಿದ್ದವರಿಗೆ ಮೊದಲ ಸರದಿಯೇ ಬಂಗಾರ.

ಮಾರಾಟ ತೆರೆಯುವ ಮೊದಲೇ ಸದಸ್ಯ ಸಂಖ್ಯೆ ಕೈಯಲ್ಲಿರಲಿ. ಬ್ಯಾಂಕ್ ಆ್ಯಪಿನಲ್ಲಿ ಕಾರ್ಡಿನ ವಿದೇಶಿ ಆನ್‌ಲೈನ್ ಪಾವತಿ ತೆರೆದಿಡಿ. ಎಡವುವುದು ಇಲ್ಲೇ. ಫ್ರಾನ್ಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಹಿಂದಿನ 6 ತಿಂಗಳೊಳಗಷ್ಟೇ ಅರ್ಜಿ ಹಾಕಬಹುದು, ಆದ್ದರಿಂದ ಟಿಕೆಟ್ ಕೊಂಡ ಮೇಲೆ ವೀಸಾ ಸಿಗದಿದ್ದರೆ ಏನೆಂದು ಮರುಪಾವತಿ ನಿಯಮ ಮೊದಲೇ ಓದಿ.

ಸದಸ್ಯರ ಆವರಣದ ಆಸೆಯೇ? ಟ್ರ್ಯಾಕಿನ ಒಂದು ಸುತ್ತೇ 13.626 ಕಿ.ಮೀ. ರಾತ್ರಿಯಿಡೀ ಟ್ರ್ಯಾಕಿನ ಅರ್ನಾಜ್ ತಿರುವಿನಲ್ಲಿ ನಿಲ್ಲುವವರಿಗೆ ಆ ಆವರಣ ದೂರದ ಬೆಟ್ಟ.