ಸಹಿಗಿಂತ ಮೊದಲು ಅಂಚೆ ಠಸ್ಸೆ

ನಾನು ಕೂಡಿಸುವುದು ಹಳೆಯ ನಾಟಕ ಕಂಪನಿಗಳ ನಟನಟಿಯರು ಮತ್ತು ಅಲ್ಲಿಂದ ಸಿನಿಮಾಕ್ಕೆ ಹೋದವರು ಬರೆದ ಕಾಗದಗಳನ್ನು. ಬರೀ ಹಸ್ತಾಕ್ಷರದ ಹಾಳೆ ನನಗೆ ಬೇಡ. ಬಣ್ಣ ಒರೆಸಿಕೊಳ್ಳುತ್ತಾ ಗೀಚಿಕೊಟ್ಟ ಸಹಿಯಲ್ಲಿ ಹೆಸರು ಬಿಟ್ಟರೆ ಇನ್ನೇನಿದೆ? ಕಾಗದದಲ್ಲಾದರೆ ಕ್ಯಾಂಪಿನ ಊರು, ಕಲೆಕ್ಷನ್, ಬಾಕಿ ಸಂಬಳ, ಮಗುವಿನ ಜ್ವರ ಎಲ್ಲವೂ ಸಿಗುತ್ತವೆ.

ಯಾರಾದರೂ ಕಾಗದ ಮಾರಲು ತಂದರೆ ಮೊದಲು ವಿಳಾಸದ ಕಡೆ ತಿರುಗಿಸುತ್ತೇನೆ. ಸಹಿಯನ್ನು ತಿದ್ದಿ ತಿದ್ದಿ ಕಲಿತವನು ಅಂಚೆಯ ಚರಿತ್ರೆ ಓದಿರುವುದಿಲ್ಲ. ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರಲ್ಲಿ, ನಯಾಪೈಸೆ 1957ರ ಏಪ್ರಿಲ್‌ನಲ್ಲಿ, ಪಿನ್‌ಕೋಡ್ 1972ರ ಆಗಸ್ಟ್ 15ರಂದು. 1965ರ ತಾರೀಖಿನ ಕಾರ್ಡಿನಲ್ಲಿ ಆರಂಕಿಯ ಪಿನ್ ಕಂಡರೆ ಚಹಾ ಕುಡಿಸಿ ಕಳಿಸುತ್ತೇನೆ. 1973ರ ನವೆಂಬರ್‌ವರೆಗೆ ರಾಜ್ಯದ ಹೆಸರು ಮೈಸೂರು ಎಂಬುದನ್ನೂ ಮರೆಯುವವರಿದ್ದಾರೆ. ಗುಬ್ಬಿ ಕಂಪನಿಯಲ್ಲಿ ಪಳಗಿ ಬಂದ ರಾಜ್‌ಕುಮಾರ್, ನರಸಿಂಹರಾಜು ಅವರಂಥವರ ಹೆಸರಿಗೆ ಬೇಡಿಕೆ ಹೆಚ್ಚು. ಅಂಥ ಹೆಸರು ಕಂಡಾಗ ಈ ಪರೀಕ್ಷೆಯನ್ನು ಎರಡು ಸಲ ಮಾಡುತ್ತೇನೆ.

ನನ್ನ ಬಳಿ ಇರುವುದರಲ್ಲಿ ನನಗೆ ಅಚ್ಚುಮೆಚ್ಚಿನದು ಐವತ್ತರ ದಶಕದ ಒಂದು ಪೋಸ್ಟ್ ಕಾರ್ಡ್. ಬರೆದವರು ದೊಡ್ಡ ಹೆಸರಿನವರಲ್ಲ, ಹಾಸ್ಯ ಪಾತ್ರದವರು. ಮೇಲೆ ‘ಶ್ರೀ’, ಅದರ ಕೆಳಗೆ ‘ಕ್ಯಾಂಪ್: ಬನಶಂಕರಿ ಜಾತ್ರೆ’. ಠಸ್ಸೆ ಬಾದಾಮಿಯದು, ತಿಂಗಳು ಜನವರಿ. ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿ ಕಂಪನಿಗಳು ಸಾಲಾಗಿ ಟೆಂಟ್ ಹಾಕುವುದರಿಂದ ಲೆಕ್ಕ ಸರಿಹೊಂದುತ್ತದೆ. ಬಾದಾಮಿ ಆಗ ಬಿಜಾಪುರ ಜಿಲ್ಲೆಯಲ್ಲಿತ್ತು, ಕಾರ್ಡಿನಲ್ಲೂ ಹಾಗೇ ಇದೆ. ನಟ್ಟನಡುವೆ ಒಂದು ತೂತು, ಅದರ ಸುತ್ತ ತುಕ್ಕಿನ ಉಂಗುರ. ಬಂದ ಕಾಗದಗಳನ್ನು ಕೊಕ್ಕೆ ತಂತಿಗೆ ಪೋಣಿಸಿಡುತ್ತಿದ್ದ ಕಾಲದ್ದು ಅದು. ಆ ತೂತಿನಿಂದ ಬೆಲೆ ಇಳಿಯುತ್ತದೆಂದು ಮಾರಿದವರು ಅಳುಕಿದ್ದರು. ನಾನು ಕೊಂಡದ್ದೇ ಅದಕ್ಕಾಗಿ.

ಒಕ್ಕಣೆ ಒಬ್ಬರದು, ಸಹಿ ಇನ್ನೊಬ್ಬರದು ಆಗಿದ್ದರೆ ನಕಲಿ ಎಂದು ಎಸೆಯಬಾರದು. ಎಳವೆಯಲ್ಲೇ ಕಂಪನಿ ಸೇರಿದ ಎಷ್ಟೋ ಕಲಾವಿದರು ಶಾಲೆಯ ಮುಖ ಕಂಡದ್ದು ಕಡಿಮೆ. ಅವರು ಹೇಳುತ್ತಿದ್ದರು, ಬರೆಯಲು ಬಂದವರು ಬರೆಯುತ್ತಿದ್ದರು. ಕೊನೆಯ ‘ಇಂತೀ ತಮ್ಮ’ ಆದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಹಾಕಿದ ಸಹಿ ಕಂಡರೆ ನನಗೆ ನಂಬಿಕೆ ಹೆಚ್ಚುತ್ತದೆ. ಅನುಮಾನ ಬರುವುದು ಸಹಿ ತೀರಾ ನಯವಾಗಿದ್ದಾಗ. ಆಗ ಭೂತಗನ್ನಡಿ ಹಿಡಿದು ಮಡಿಕೆಯ ಗೆರೆ ನೋಡುತ್ತೇನೆ. ಮಡಿಕೆ ಸವೆದ ಮೇಲೆ ಬರೆದಿದ್ದರೆ ಅಲ್ಲಿ ಎದ್ದ ನಾರಿನೊಳಗೆ ಶಾಯಿ ಹರಡಿಕೊಂಡಿರುತ್ತದೆ. ಸಿನಿಮಾದವರ ಫೋಟೋ ಆದರೆ ಸಹಿಯೇ ಅಚ್ಚಾಗಿರುವುದುಂಟು. ಬೆಳಕಿಗೆ ಓರೆಯಾಗಿ ಹಿಡಿದರೆ ಶಾಯಿಯ ಹೊಳಪು ಬೇರೆಯಾಗಿ ಕಾಣದು.

ಇಡುವ ವಿಷಯ ಹೆಚ್ಚಿಲ್ಲ. ಗುಂಡುಸೂಜಿ ತೆಗೆಯಿರಿ, ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪಾಲಿಯೆಸ್ಟರ್ ಹಾಳೆಯ ಕವರು ಸಾಕು, ಪಿವಿಸಿಯದು ಕಾಲಕ್ರಮೇಣ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಗೆ ಸಿಲಿಕಾ ಜೆಲ್ ಹಾಕುತ್ತೇನೆ.

ಈಗಲೂ ಇರುವ ಹಿರಿಯ ಕಲಾವಿದರಿಗೆ ನಾನೇ ಬರೆಯುತ್ತೇನೆ. ‘ಹಸ್ತಾಕ್ಷರ ಕಳಿಸಿ’ ಎಂದರೆ ಹೆಸರು ಮಾತ್ರ ಬರುತ್ತದೆ. ಅದರ ಬದಲು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ: ಮೈಕ್ ಇಲ್ಲದಾಗ ಹಿಂದಿನ ಸಾಲಿಗೆ ಮಾತು ಹೇಗೆ ಮುಟ್ಟಿಸುತ್ತಿದ್ದಿರಿ? ಕಣ್ಣು ಮಂಜಾಗಿರಬಹುದೆಂದು ದಪ್ಪ ಅಕ್ಷರದಲ್ಲಿ ಬರೆದು, ವಿಳಾಸ ಹಾಕಿ ಅಂಚೆಚೀಟಿ ಅಂಟಿಸಿದ ಲಕೋಟೆಯನ್ನೂ ಜೊತೆಗಿಡುತ್ತೇನೆ. ಒಬ್ಬ ಹಿರಿಯ ನಟಿ ಮೂರು ಪುಟ ಬರೆದು, ಸಹಿ ಹಾಕುವುದನ್ನೇ ಮರೆತಿದ್ದರು. ಮತ್ತೆ ಕಳಿಸಿ ಹಾಕಿಸಿಕೊಳ್ಳಲು ಹೋಗಲಿಲ್ಲ. ಹಾಗೆಯೇ ಇದೆ.